ಹಳೆಯ ಸ್ಪಿನ್ನಿಂಗ್ ರೀಲನ್ನು ಮತ್ತೆ ನೀರಿಗೆ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚನ್ನಗಿರಿ, ಹಿರಿಯೂರು ಕಡೆಯ ಕೆರೆ ಮತ್ತು ನದಿಗಳಲ್ಲಿ ಗಾಳ ಹಾಕುವ ಹವ್ಯಾಸವುಳ್ಳವರು ಸೆಕೆಂಡ್ ಹ್ಯಾಂಡ್ ರೀಲುಗಳ, ಅಂದರೆ ಗಾಳದ ಕೋಲಿಗೆ ಕಟ್ಟಿ ದಾರ ಸುತ್ತುವ ಸಾಧನಗಳ, ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸುಮಾರು 1950ರಿಂದ 1980ರವರೆಗೆ ತಯಾರಾದ ಲೋಹದ ಒಡಲಿನ ರೀಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಬರೆಯಲಾಗಿದೆ.

ಸ್ಪಿನ್ನಿಂಗ್ ರೀಲು ಉಳಿದ ರೀಲುಗಳಿಗಿಂತ ಹೇಗೆ ಬೇರೆ?

ಇದರಲ್ಲಿ ಗಾಳ ಎಸೆಯುವಾಗಲೂ ದಾರ ಸುತ್ತುವಾಗಲೂ, ದಾರವಿರುವ ಸ್ಪೂಲ್ ತಿರುಗುವುದಿಲ್ಲ. ಗಾಳ ಎಸೆದಾಗ ದಾರವು ಸ್ಪೂಲಿನ ಅಂಚಿನ ಮೇಲಿನಿಂದ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ರೋಟರ್ ಎಂಬ ಭಾಗವು ಸ್ಪೂಲಿನ ಸುತ್ತ ಸುತ್ತುತ್ತ, ಬೇಲ್ ಎಂಬ ತಂತಿಯ ಕಮಾನಿನ ಸಹಾಯದಿಂದ ದಾರವನ್ನು ಮತ್ತೆ ಸ್ಪೂಲಿಗೆ ಸುತ್ತುತ್ತದೆ. ಈ ಬಗೆಯ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಉಣ್ಣೆ ಗಿರಣಿಗಳ ಉದ್ಯಮಿ. ಗಿರಣಿಯಲ್ಲಿ ನಿಂತ ಬಾಬಿನ್ನಿನ ತುದಿಯಿಂದ ನೂಲು ಸಲೀಸಾಗಿ ಬಿಚ್ಚಿಕೊಳ್ಳುವುದೇ ಅವರಿಗೆ ದಾರಿ ತೋರಿತೆಂದು ಹೇಳುವುದುಂಟು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ, ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರು ಇಂದಿಗೂ ಮನೆಗಳಲ್ಲಿದ್ದಾರೆ. ಅಂಥವರ ಕೈಗೆ ಈ ರೀಲನ್ನು ಕೊಟ್ಟರೆ ಅದರ ತತ್ವವನ್ನು ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಹಳೆಯ ರೀಲುಗಳಲ್ಲಿ ಯಾವ ಹೆಸರುಗಳನ್ನು ಹೆಚ್ಚಾಗಿ ಕಾಣುತ್ತೇವೆ?

ಫ್ರಾನ್ಸಿನ ಕ್ಲೂಸ್ ಎಂಬ ಊರಿನಲ್ಲಿ ಕಾರ್ಪಾನೊ ಎಂಡ್ ಪೋನ್ಸ್ ಸಂಸ್ಥೆ ತಯಾರಿಸುತ್ತಿದ್ದ ಮಿಚೆಲ್ 300, ಸ್ವೀಡನ್ನಿನ ಆಬು ಕಾರ್ಡಿನಲ್, ಅಮೆರಿಕದ ಪೆನ್ ಸ್ಪಿನ್‌ಫಿಶರ್, ಜರ್ಮನಿಯ ಡಿಎಎಂ ಕ್ವಿಕ್, ಜಪಾನಿನ ಡೈವಾ ಮತ್ತು ಶಿಮಾನೊ ಇವು ಮುಖ್ಯವಾದವು. ಮೊದಲ ಬಾರಿಗೆ ದುರಸ್ತಿಗೆ ಕೈಹಾಕುವವರಿಗೆ ನಾವು ಮಿಚೆಲ್ 300 ಅನ್ನೇ ಸೂಚಿಸುತ್ತೇವೆ. ಅದು ಲಕ್ಷಗಟ್ಟಲೆ ತಯಾರಾದ ರೀಲಾದ್ದರಿಂದ ಬಿಡಿಭಾಗಗಳು ಇನ್ನೂ ಸಿಗುತ್ತವೆ. ಗುಂಡಿ ಒತ್ತಿದರೆ ಸ್ಪೂಲ್ ಕೈಗೆ ಬರುತ್ತದೆ. ಪಕ್ಕದ ಮುಚ್ಚಳ ತೆಗೆದರೆ ಒಳಗಿನ ಗೇರುಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಕಾರ್ಡಿನಲ್ಲಿನ ಹಳೆಯ ಮಾದರಿಗಳಲ್ಲಿರುವ ವರ್ಮ್ ಗೇರಿನ (ತಿರುಪಿನಾಕಾರದ ಗೇರು) ಮೃದುವಾದ ಓಟ ನಿಜಕ್ಕೂ ಬಹಳ ಚೆನ್ನಾಗಿದೆ, ಆದರೆ ಅದರ ಬೆಲೆಯೂ ಹೆಚ್ಚು, ಸವೆದ ಗೇರಿಗೆ ಬದಲಿ ಸಿಗುವುದೂ ಕಷ್ಟ.

ನಮ್ಮ ಕಡೆ ಇಂಥ ರೀಲು ಎಲ್ಲಿ ಸಿಗುತ್ತದೆ?

ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರುವುದಿಲ್ಲ. ಕೊಡಗು ಮತ್ತು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಮನೆಗಳ ಹಳೆಯ ಸಾಮಾನು ಮಾರಾಟಕ್ಕೆ ಬಂದಾಗ, ಕರಾವಳಿಯವರು ತಮ್ಮ ರೀಲು ಬದಲಿಸಿದಾಗ, ಹೊರದೇಶದಲ್ಲಿ ದುಡಿದು ಮರಳಿದವರ ಪೆಟ್ಟಿಗೆಗಳಲ್ಲಿ, ಅಪರೂಪಕ್ಕೆ ಗುಜರಿ ಅಂಗಡಿಯಲ್ಲಿ ಕಾಣಸಿಗುತ್ತವೆ. ಅಂತರ್ಜಾಲದಲ್ಲಿ ಕೊಳ್ಳುವುದಾದರೆ, ಹ್ಯಾಂಡಲ್ ತಿರುಗುವ ವಿಡಿಯೊವನ್ನು ಶಬ್ದ ಸಮೇತ ಕಳುಹಿಸುವಂತೆ ಮಾರುವವರನ್ನು ಕೇಳಬೇಕು.

ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು?

ಹೊಳಪನ್ನು ನೋಡಬೇಡಿ, ಮೊದಲು ಪಾದವನ್ನು ನೋಡಿ. ರೀಲನ್ನು ಕೋಲಿಗೆ ಕಟ್ಟುವ ಆ ಚಪ್ಪಟೆ ಭಾಗ ಮತ್ತು ಅದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಆ ರೀಲನ್ನು ಬಿಡಿಭಾಗಗಳಿಗಾಗಿ ಮಾತ್ರ ಕೊಳ್ಳಬಹುದು, ಏಕೆಂದರೆ ಅಚ್ಚು ಹೊಯ್ದ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬೆಸುಗೆ ಹಾಕಿಸಿದರೂ ದೊಡ್ಡ ಕಾಟ್ಲಾ ಒಮ್ಮೆ ಎಳೆದಾಗ ಅದು ತಡೆಯುತ್ತದೆಂಬ ಭರವಸೆ ಇರುವುದಿಲ್ಲ. ಅನಂತರ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸುತ್ತ ಸ್ಪೂಲ್ ಮುಂದೆ ಹಿಂದೆ ಹೋಗುವುದನ್ನು ಎದುರಿನಿಂದ ಗಮನಿಸಿ. ಸ್ಪೂಲ್ ಅಲುಗಾಡುತ್ತಿದ್ದರೆ ನಡುವಿನ ದಂಡ ಬಾಗಿದೆ ಎಂದರ್ಥ.

ತಿರುಗಿಸುವಾಗ ಎಲ್ಲ ಕಡೆ ಒಂದೇ ಸಮನೆ ಬಿಗಿಯಾಗಿದ್ದರೆ ಚಿಂತೆ ಬೇಡ. ಅದು ಒಣಗಿ ಮೇಣದಂತಾದ ಹಳೆಯ ಗ್ರೀಸು, ತೊಳೆದರೆ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕಟಕಟ ಎಂದು ತಡೆದರೆ ಗೇರಿನ ಹಲ್ಲು ಮುರಿದಿರುವ ಅಥವಾ ತಿಂದುಹೋಗಿರುವ ಸಾಧ್ಯತೆ ಹೆಚ್ಚು. ಈ ಎರಡರ ವ್ಯತ್ಯಾಸವನ್ನು ಬೆರಳಿನಲ್ಲಿ ಗುರುತಿಸಲು ಕಲಿತವರು ಮೋಸ ಹೋಗುವುದು ಕಡಿಮೆ. ಸ್ಪೂಲಿನ ಅಂಚಿನ ಸುತ್ತ ಒಂದು ಚೂರು ಹತ್ತಿಯನ್ನು ಒರೆಸಿದರೆ, ಕಣ್ಣಿಗೆ ಕಾಣದ ಗೀರುಗಳಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಅಂಥ ಜಾಗ ದಾರವನ್ನೂ ಕತ್ತರಿಸುತ್ತದೆ. ತಿರುಪುಗಳ ಸುತ್ತ ಮತ್ತು ಬಣ್ಣದ ಅಡಿಯಲ್ಲಿ ಬಿಳಿಯ ಪುಡಿ ಎದ್ದಿದ್ದರೆ ರೀಲು ಸಮುದ್ರದ ಉಪ್ಪನ್ನು ಕಂಡಿದೆ ಎಂದು ತಿಳಿಯಬೇಕು. ಹೊರಗೆ ಅಷ್ಟಿದ್ದರೆ ಒಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ.

ಬಿಚ್ಚಲು ಯಾವ ಸಲಕರಣೆಗಳು ಬೇಕು?

ತಿರುಪಿನ ಸೀಳಿಗೆ ಅಗಲದಲ್ಲೂ ದಪ್ಪದಲ್ಲೂ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ಗಳು, ಸಣ್ಣ ಸ್ಪ್ಯಾನರುಗಳು, ಚಿಮುಟ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಳಿಯ ಬಟ್ಟೆ ಹಾಸಿದ ಅಂಚುಳ್ಳ ತಟ್ಟೆ ಇಷ್ಟಿದ್ದರೆ ಸಾಕು. ಸ್ಪ್ರಿಂಗುಗಳು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ ಇರಲಿ.

ಪ್ರತಿಯೊಂದು ಭಾಗವನ್ನು ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಬೇಕು, ತೆಗೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ತಟ್ಟೆಯಲ್ಲಿ ಜೋಡಿಸಬೇಕು. ಗೇರುಗಳು ಒಂದಕ್ಕೊಂದು ಕೂಡುವ ಹಲ್ಲುಗಳ ಮೇಲೆ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಡುವುದು ಒಳ್ಳೆಯದು. ಗೇರಿನ ಹಿಂಬದಿಯಲ್ಲಿ ಕಾಗದದಷ್ಟು ತೆಳುವಾದ ಉಂಗುರಗಳು ಎಣ್ಣೆಯ ಜಿಗುಟಿನಿಂದ ಅಂಟಿಕೊಂಡಿರುತ್ತವೆ. ಅವು ಗೇರುಗಳ ನಡುವಿನ ಅಂತರವನ್ನು ಹೊಂದಿಸಲು ಕಾರ್ಖಾನೆಯಲ್ಲೇ ಅಳೆದು ಹಾಕಿದವು. ಹಳೆಯ ಬಟ್ಟೆಯೊಂದಿಗೆ ಅವನ್ನು ಒರೆಸಿ ಎಸೆದುಬಿಟ್ಟರೆ ಮುಂದೆ ಎಷ್ಟು ಒಳ್ಳೆಯ ಗ್ರೀಸು ಹಚ್ಚಿದರೂ ರೀಲು ಸರಿಯಾಗಿ ಓಡುವುದಿಲ್ಲ.

ತಿರುಪು ಅಥವಾ ನಟ್ಟು ಜಪ್ಪಯ್ಯ ಎಂದರೂ ಕದಲದಿದ್ದರೆ?

ಬಲ ಹಾಕುವ ಮೊದಲು ದಿಕ್ಕು ಸರಿಯಿದೆಯೇ ಎಂದು ಯೋಚಿಸಬೇಕು. ಕೆಲವು ರೀಲುಗಳಲ್ಲಿ ರೋಟರನ್ನು ಹಿಡಿದಿರುವ ನಟ್ಟು ಎಡಮರೆಯದು. ಸಾಮಾನ್ಯ ನಟ್ಟಿನಂತೆ ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯಾಗುತ್ತದೆ. ತಿರುಪಿನಂತೆ ಒಳಹೋಗುವ ಹ್ಯಾಂಡಲುಗಳಲ್ಲೂ ಎಡ ಬಲಗಳ ಮರೆ ಬೇರೆ ಬೇರೆ ಇರುತ್ತದೆ. ದಿಕ್ಕು ಖಚಿತವಾದ ಮೇಲೆ, ತುಕ್ಕು ಬಿಡಿಸುವ ಎಣ್ಣೆಯನ್ನು ಒಂದು ಹನಿ ಬಿಟ್ಟು ಒಂದು ರಾತ್ರಿ ಹಾಗೆಯೇ ಇಡಿ. ಮರುದಿನವೂ ಬಿಡದಿದ್ದರೆ ಹೇರ್ ಡ್ರೈಯರಿನಿಂದ ಸುತ್ತಲಿನ ಅಲ್ಯೂಮಿನಿಯಂ ಅನ್ನು ಬಿಸಿ ಮಾಡಿ, ಏಕೆಂದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಹಿಡಿತ ಸಡಿಲವಾಗುತ್ತದೆ. ಬಿಸಿ ಮಾಡುವ ಮುನ್ನ ಎಣ್ಣೆಯನ್ನು ಪೂರ್ತಿ ಒರೆಸಿರಬೇಕು. ಗ್ಯಾಸ್ ಒಲೆಯ ಉರಿಗೆ ಹಿಡಿಯುವುದು ಬೇಡವೇ ಬೇಡ. ಬಣ್ಣ ಸುಡುತ್ತದೆ, ಸ್ಪ್ರಿಂಗಿನ ಹದವೂ ಹೋಗುತ್ತದೆ.

ಯಾವುದರಿಂದ ತೊಳೆಯಬೇಕು? ಯಾವುದನ್ನು ಮುಟ್ಟಲೇಬಾರದು?

ಹಳೆಯ ಗ್ರೀಸನ್ನು ಕರಗಿಸಲು ಸೀಮೆಎಣ್ಣೆ ಉತ್ತಮ. ಅದು ಈಗ ಸುಲಭವಾಗಿ ಸಿಗದ ಕಾರಣ ಬಣ್ಣದ ಅಂಗಡಿಯ ಮಿನರಲ್ ಟರ್ಪಂಟೈನ್ ಬಳಸಬಹುದು. ಗಾಳಿಯಾಡುವ ಜಾಗದಲ್ಲಿ, ಒಲೆ ಮತ್ತು ದೀಪದಿಂದ ದೂರ ಕೂತು, ಲೋಹದ ಭಾಗಗಳನ್ನು ಮಾತ್ರ ಅದರಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಬೇಕು. ಪೆಟ್ರೋಲನ್ನು ಯಾವ ಕಾರಣಕ್ಕೂ ಬಳಸಬೇಡಿ. ಅಸಿಟೋನ್ ಮತ್ತು ಥಿನ್ನರ್ ಹಳೆಯ ಬಣ್ಣವನ್ನೂ ಪ್ಲಾಸ್ಟಿಕ್ಕಿನ ಹಿಡಿಯನ್ನೂ ಕರಗಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಅಪಾಯ ಕಾಸ್ಟಿಕ್ ಸೋಡಾದಿಂದ: ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ತಿನ್ನುವಾಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಚರಂಡಿ ಪೈಪು ತೊಳೆಯುವ ಪುಡಿಗಳಲ್ಲಿ ಇದೇ ಇರುವುದರಿಂದ ಅವೂ ವರ್ಜ್ಯ.

ಹಿತ್ತಾಳೆಯ ಪಿನಿಯನ್ ಎಂಬ ಸಣ್ಣ ಗೇರಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ನಮ್ಮ ಮನೆಗಳಲ್ಲಿ ದೇವರ ಪಾತ್ರೆ ತೊಳೆಯುವ ಹುಣಸೆಹಣ್ಣಿನ ರಸವೇ ಸಾಕು. ಆದರೆ ಗೇರನ್ನು ಒಡಲಿನಿಂದ ಬೇರ್ಪಡಿಸಿ ತೊಳೆಯಬೇಕು, ಹುಳಿಯ ಅಂಶ ಉಳಿಯದಂತೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಆಮೇಲೆ ಬರಿಯ ನೀರಿನಲ್ಲಿ ಜಾಲಿಸಿ, ಒಡನೆಯೇ ಒಣಗಿಸಿ ಎಣ್ಣೆ ಸವರಬೇಕು.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಬಹುತೇಕ ಮನೆಗಳ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ತೊಳೆದು ಬಿಸಿಲಿಗಿಟ್ಟರೆ ಬೇರಿಂಗಿನ ಗುಂಡುಗಳ ನಡುವೆ ಸುಣ್ಣದ ಪದರ ಉಳಿಯುತ್ತದೆ, ಕೊಳೆ ತೆಗೆದ ಕಡೆಯೇ ಮರಳು ಸುರಿದಂತಾಗುತ್ತದೆ. ಆದ್ದರಿಂದ ಕಡೆಯ ಜಾಲಾಟಕ್ಕೆ ಶುದ್ಧ ನೀರಿನ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಬೇರಿಂಗುಗಳಿಗೆ ನೀರು ಸೋಕಿಸದೆ ಟರ್ಪಂಟೈನಿನಲ್ಲೇ ತೊಳೆದು ಮುಗಿಸುವುದು ಇನ್ನೂ ಉತ್ತಮ.

ಹೊಸ ಬಣ್ಣ ಹಚ್ಚಿಸಿ, ಪಾಲಿಶ್ ಮಾಡಿಸಿದರೆ ಚೆನ್ನಾಗಿ ಕಾಣುವುದಿಲ್ಲವೇ?

ಕಾಣುತ್ತದೆ. ಆದರೂ ನಮ್ಮ ಸಲಹೆ, ಹಾಗೆ ಮಾಡಬೇಡಿ ಎಂಬುದೇ. ಹಳೆಯ ರೀಲನ್ನು ಸರಿಪಡಿಸುವುದೆಂದರೆ ಅದು ತಯಾರಾದ ದಿನ ಓಡುತ್ತಿದ್ದಂತೆ ಮತ್ತೆ ಓಡುವ ಹಾಗೆ ಮಾಡುವುದು. ಅದಕ್ಕಾಗಿ ಅದರಿಂದ ತೆಗೆದುಹಾಕುವ ಲೋಹ ಮತ್ತು ಬಣ್ಣ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಬಫಿಂಗ್ ಯಂತ್ರಕ್ಕೆ ಹಿಡಿದಾಗ ಬರಿಯ ಕೊಳೆ ಮಾತ್ರ ಹೋಗುವುದಿಲ್ಲ. ಕೆತ್ತಿದ ಹೆಸರಿನ ಅಂಚುಗಳು ಸವೆಯುತ್ತವೆ, ಬೇಲ್ ತಂತಿಯ ಮೇಲಿನ ತೆಳುವಾದ ಕ್ರೋಮ್ ಲೇಪ ಹರಿದು ಅಡಿಯ ಲೋಹ ಕಾಣತೊಡಗುತ್ತದೆ, ಆಮೇಲೆ ಅಲ್ಲಿಗೆ ತುಕ್ಕು ಬಹುಬೇಗ ಹಿಡಿಯುತ್ತದೆ. ಒಬ್ಬ ಮೀನುಗಾರನ ಬೆರಳು ವರ್ಷಗಟ್ಟಲೆ ತಾಗಿ ಒಂದು ಬದಿಯ ಕಪ್ಪು ಬಣ್ಣ ಸವೆದಿದ್ದರೆ, ಅದು ಆ ರೀಲಿನ ದೋಷವೆಂದು ನಮಗೆ ಅನಿಸಿಲ್ಲ. ಸಂಗ್ರಹಕಾರರೂ ಮೂಲ ಬಣ್ಣವಿರುವ ರೀಲಿಗೇ ಹೆಚ್ಚು ಬೆಲೆ ಕೊಡುತ್ತಾರೆ.

ಲೋಹ ಬಯಲಾಗಿ ಬಿಳಿಯ ಪುಡಿ ಏಳುತ್ತಿರುವ ಜಾಗಕ್ಕೆ ಮಾತ್ರ ವಿನಾಯಿತಿ. ಅಲ್ಲಿ ಪುಡಿಯನ್ನು ಮೃದುವಾಗಿ ಉಜ್ಜಿ ತೆಗೆದು, ಅದೇ ಛಾಯೆಯ ಬಣ್ಣವನ್ನು ಸಣ್ಣ ಕುಂಚದಿಂದ ಮುಟ್ಟಿಸಿ, ಮೇಲೆ ತೆಳುವಾಗಿ ಮೇಣ ಸವರಬಹುದು.

ಯಾವ ಗ್ರೀಸು, ಯಾವ ಎಣ್ಣೆ, ಎಷ್ಟು?

ಗೇರಿನ ಹಲ್ಲುಗಳಿಗೆ ಗ್ರೀಸು, ವೇಗವಾಗಿ ಅಥವಾ ಹಗುರವಾಗಿ ತಿರುಗುವ ಭಾಗಗಳಿಗೆ ಎಣ್ಣೆ. ಆಟೊಮೊಬೈಲ್ ಅಂಗಡಿಯ ಸಾಮಾನ್ಯ ಲಿಥಿಯಂ ಗ್ರೀಸು ಸಾಕು. ಅದನ್ನು ಹಲ್ಲುಗಳ ಮೇಲೆ ತೆಳುವಾಗಿ ಸವರಬೇಕು. ಡಬ್ಬಿಯಂತೆ ಒಡಲನ್ನು ತುಂಬಿಸಿದರೆ ಹ್ಯಾಂಡಲ್ ಭಾರವಾಗುತ್ತದೆ, ಹೆಚ್ಚಾದ ಗ್ರೀಸು ಬಿಸಿಲಿಗೆ ತೆಳುವಾಗಿ ಡ್ರ್ಯಾಗ್ ವಾಷರುಗಳಿಗೂ (ಮೀನು ಎಳೆದಾಗ ದಾರ ಬಿಟ್ಟುಕೊಡುವ ವ್ಯವಸ್ಥೆಯ ಬಿಲ್ಲೆಗಳು) ಹರಿಯುತ್ತದೆ. ಬೇಲಿನ ಎರಡು ಕೀಲುಗಳು, ದಾರ ಹಾಯುವ ರೋಲರ್, ಹ್ಯಾಂಡಲಿನ ಹಿಡಿ, ನಡುವಿನ ದಂಡ ಇವಕ್ಕೆ ಹೊಲಿಗೆ ಯಂತ್ರದ ಎಣ್ಣೆಯ ಒಂದೊಂದು ಹನಿ ಬಿಡಿ. ತೆಂಗಿನೆಣ್ಣೆಯನ್ನೂ ಅಡುಗೆ ಎಣ್ಣೆಯನ್ನೂ ದಯವಿಟ್ಟು ಹಾಕಬೇಡಿ. ತೆಂಗಿನೆಣ್ಣೆ ಚಳಿಗಾಲದ ಬೆಳಗ್ಗೆ ಗಟ್ಟಿಯಾಗುತ್ತದೆ; ಉಳಿದವು ಕೆಲವೇ ತಿಂಗಳಲ್ಲಿ ಅಂಟಾಗಿ, ಬಯಲುಸೀಮೆಯ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತವೆ. ತುಕ್ಕು ಬಿಡಿಸಲು ಬಳಸುವ ಸ್ಪ್ರೇಗಳು ಒಣಗಿಹೋಗುವುದರಿಂದ ಅವೂ ಎಣ್ಣೆಯ ಸ್ಥಾನವನ್ನು ತುಂಬಲಾರವು.

ಡ್ರ್ಯಾಗ್ ಜಗ್ಗಿ ಜಗ್ಗಿ ಬಿಡುತ್ತದೆ. ಸರಿಪಡಿಸಬಹುದೇ?

ಬಹುತೇಕ ಸರಿಹೋಗುತ್ತದೆ, ಮತ್ತು ಇಡೀ ಕೆಲಸದಲ್ಲಿ ಹೆಚ್ಚಿನ ತಾಳ್ಮೆಯನ್ನು ಬೇಡುವ ಭಾಗವೂ ಇದೇ. ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಸ್ಪೂಲ್ ತುಸು ಜಾರಿ ದಾರ ಬಿಟ್ಟುಕೊಡುವ ವ್ಯವಸ್ಥೆಗೆ ಡ್ರ್ಯಾಗ್ ಎನ್ನುತ್ತಾರೆ. ಅದರಲ್ಲಿ ಲೋಹದ ಬಿಲ್ಲೆಗಳೂ ಮೆತ್ತನೆಯ ಬಿಲ್ಲೆಗಳೂ ಒಂದರ ಮೇಲೊಂದು ಇರುತ್ತವೆ. ಕಿವಿಯುಳ್ಳ ಲೋಹದ ಬಿಲ್ಲೆ ಸ್ಪೂಲಿನ ಜೊತೆ ತಿರುಗುತ್ತದೆ. ನಡುವಿನ ತೂತು ಗುಂಡಗಿರದೆ ಒಂದು ಬದಿ ಚಪ್ಪಟೆಯಾಗಿರುವ ಬಿಲ್ಲೆ ದಂಡಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಇವೆರಡರ ನಡುವೆ ಮೆತ್ತನೆಯ ಬಿಲ್ಲೆ ಇದ್ದು ಉಜ್ಜಾಟವನ್ನು ಒದಗಿಸುತ್ತದೆ. ಈ ಸರದಿ ತಪ್ಪಿದರೆ ಡ್ರ್ಯಾಗ್ ಒಂದೋ ಹಿಡಿಯುವುದಿಲ್ಲ, ಇಲ್ಲವೇ ಬಿಡುವುದಿಲ್ಲ.

ಜಗ್ಗಾಟಕ್ಕೆ ಸಾಮಾನ್ಯ ಕಾರಣಗಳು ಎರಡು: ಲೋಹದ ಬಿಲ್ಲೆಯ ಮೇಲೆ ತುಕ್ಕಿನ ಚುಕ್ಕೆಗಳು ಎದ್ದಿರುತ್ತವೆ, ಅಥವಾ ರೀಲನ್ನು ಡ್ರ್ಯಾಗ್ ಬಿಗಿದೇ ವರ್ಷಗಟ್ಟಲೆ ಇಟ್ಟಿದ್ದರಿಂದ ಮೆತ್ತನೆಯ ಬಿಲ್ಲೆ ಒತ್ತಿ ಗಟ್ಟಿಯಾಗಿರುತ್ತದೆ. ಲೋಹದ ಬಿಲ್ಲೆಯನ್ನು ಗಾಜಿನ ಮೇಲೆ ಹಾಸಿದ ನಯವಾದ ಎಮೆರಿ ಕಾಗದದ ಮೇಲಿಟ್ಟು, ವೃತ್ತಾಕಾರವಾಗಿ ಉಜ್ಜಿ ಸಮ ಮಾಡಬಹುದು. ಮೆತ್ತನೆಯದು ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯ ಬಟ್ಟೆ) ಆಗಿದ್ದರೆ ತೊಳೆದು ಒಣಗಿಸಿ ಎಣ್ಣೆ ಕುಡಿಸಬೇಕು. ಟೆಫ್ಲಾನ್ ಆಗಿದ್ದರೆ ಒರೆಸಿ ಒಣಗಿಯೇ ಕೂರಿಸಬೇಕು. ಚರ್ಮದ್ದು ಬಿರುಕು ಬಿಟ್ಟಿದ್ದರೆ ಚಪ್ಪಲಿ ಹೊಲಿಯುವವರಲ್ಲಿ ಅದೇ ದಪ್ಪದ ಚರ್ಮವನ್ನು ಗುಂಡಗೆ ಕತ್ತರಿಸಿಕೊಳ್ಳಬಹುದು. ದಪ್ಪ ಮಾತ್ರ ಮೂಲದಷ್ಟೇ ಇರಬೇಕು.

ಡ್ರ್ಯಾಗನ್ನು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಹೊಂದಿಸುವುದು ವಾಡಿಕೆ. ದಾರ 4 ಕಿಲೋ ತಡೆಯುವುದಾದರೆ, ಒಂದು ಲೀಟರಿನ ತುಂಬಿದ ನೀರಿನ ಬಾಟಲಿಗೆ ದಾರ ಕಟ್ಟಿ ರೀಲನ್ನು ಮೇಲೆತ್ತಿ. ಬಾಟಲಿ ನೆಲ ಬಿಟ್ಟೊಡನೆ ದಾರ ನಿಧಾನವಾಗಿ, ಎಲ್ಲೂ ತಡೆಯದೆ ಜಾರತೊಡಗಿದರೆ ಹದ ಸರಿಯಿದೆ.

ಬೇಲ್ ಸ್ಪ್ರಿಂಗ್ ಮುರಿದಿದೆ, ಹೊಸದು ಸಿಗುತ್ತಿಲ್ಲ. ಏನು ಮಾಡಬೇಕು?

ಹಳೆಯ ರೀಲುಗಳಲ್ಲಿ ಮೊದಲು ಮುರಿಯುವ ಭಾಗವೇ ಇದು. ಮುರಿದ ತುಂಡುಗಳನ್ನು ಎಸೆಯದೆ ಇಟ್ಟುಕೊಳ್ಳಿ. ತಂತಿಯ ದಪ್ಪ, ಸುರುಳಿಯ ಒಳವ್ಯಾಸ, ಸುತ್ತುಗಳ ಎಣಿಕೆ, ಸುತ್ತಿದ ದಿಕ್ಕು ಮತ್ತು ಎರಡು ಕಾಲುಗಳ ಉದ್ದ ಇವಿಷ್ಟೂ ಅವುಗಳಿಂದಲೇ ತಿಳಿಯಬೇಕು. ಅದೇ ದಪ್ಪದ ಸ್ಪ್ರಿಂಗ್ ಉಕ್ಕಿನ ತಂತಿಯನ್ನು, ಬೇಕಾದ ಒಳವ್ಯಾಸಕ್ಕಿಂತ ತುಸು ಸಣ್ಣದಾದ ಕಂಬಿಗೆ ಬಿಗಿಯಾಗಿ ಸುತ್ತಿದರೆ ಸ್ಪ್ರಿಂಗ್ ತಯಾರಾಗುತ್ತದೆ, ಏಕೆಂದರೆ ಬಿಟ್ಟೊಡನೆ ಸುರುಳಿ ಸ್ವಲ್ಪ ಹಿಗ್ಗುತ್ತದೆ. ಕಟ್ಟಡದವರು ಸರಳು ಕಟ್ಟುವ ಮೆತ್ತನೆಯ ತಂತಿ ಇದಕ್ಕೆ ಒದಗುವುದಿಲ್ಲ.

ದಂಡ ತಿರುಗುವ ಕೊಳವೆಯಂಥ ಹಿತ್ತಾಳೆಯ ಬುಶ್ಶು ಸವೆದಿದ್ದರೆ ಅದನ್ನು ಯಾವುದೇ ಒಳ್ಳೆಯ ಲೇತ್ ಅಂಗಡಿಯಲ್ಲಿ ತಿರುಗಿಸಿಕೊಡುತ್ತಾರೆ. ಅಕ್ಕಿ ಗಿರಣಿ ಮತ್ತು ಪಂಪುಗಳ ಕೆಲಸದಲ್ಲಿ ಪಳಗಿದ ನಮ್ಮ ಊರುಗಳ ಲೇತ್ ಕೆಲಸಗಾರರಿಗೆ ಇಷ್ಟು ಸಣ್ಣ ವಸ್ತು ಹೊಸದೆನಿಸಬಹುದು, ಆದ್ದರಿಂದ ಹಳೆಯ ಬುಶ್ಶನ್ನೂ ಅದು ಕೂರುವ ದಂಡವನ್ನೂ ಜೊತೆಗೇ ಒಯ್ಯಿರಿ. ಬರಿಯ ಬಾಯಿಮಾತಿನ ಅಳತೆ ಸಾಲದು. ಗುಂಡಿನ ಬೇರಿಂಗ್ ಹಾಳಾಗಿದ್ದರೆ ಒಳವ್ಯಾಸ, ಹೊರವ್ಯಾಸ, ಅಗಲಗಳನ್ನು ವರ್ನಿಯರ್‌ನಲ್ಲಿ ಅಳೆದು ಬೇರಿಂಗ್ ಅಂಗಡಿಯಲ್ಲಿ ಕೇಳಿ. ಗೇರನ್ನು ಮಾತ್ರ ಹೊಸದಾಗಿ ಕಡೆಸುವ ಪ್ರಯತ್ನ ಬೇಡ. ಅದರ ವೆಚ್ಚದಲ್ಲಿ ಅದೇ ಮಾದರಿಯ ಇನ್ನೊಂದು ಕೆಟ್ಟ ರೀಲನ್ನು ಕೊಂಡು, ಎರಡರಿಂದ ಒಂದನ್ನು ಕಟ್ಟಬಹುದು.

ಜೋಡಿಸಿದ ಮೇಲೆ ಮೊದಲಿಗಿಂತ ಹೆಚ್ಚು ಶಬ್ದ ಬರುತ್ತಿದೆ.

ಹ್ಯಾಂಡಲ್ ತಿರುಗಿಸುವಾಗ ಸಮನಾಗಿ ಬರುವ ಟಿಕ್ ಟಿಕ್ ಶಬ್ದವು ಹಿಂದಕ್ಕೆ ತಿರುಗದಂತೆ ತಡೆಯುವ ಹಲ್ಲಿನದಾಗಿರಬಹುದು. ಹಳೆಯ ರೀಲುಗಳಲ್ಲಿ ಅದು ಸಹಜ. ಆ ತಡೆಯ ಸನ್ನೆಯನ್ನು ಬಿಡಿಸಿ ತಿರುಗಿಸಿದಾಗ ಶಬ್ದ ನಿಂತರೆ ಯೋಚಿಸಬೇಕಾಗಿಲ್ಲ. ಗರಗರ ಶಬ್ದ ಉಳಿದರೆ ಗೇರಿನ ಹಿಂದಿನ ತೆಳು ಉಂಗುರವೊಂದು ತನ್ನ ಜಾಗದಲ್ಲಿಲ್ಲ, ಅಥವಾ ಗೇರಿನ ಹಲ್ಲುಗಳು ಹಿಂದೆ ಕೂಡಿದ್ದ ಕಡೆ ಕೂಡಿಲ್ಲ. ಮುಚ್ಚಳದ ತಿರುಪುಗಳನ್ನು ಅರ್ಧ ಸುತ್ತು ಸಡಿಲಿಸಿದಾಗ ಓಟ ಹಗುರವಾದರೆ ಒಳಗೆ ಒತ್ತಡ ಹೆಚ್ಚಾಗಿದೆ ಎಂದು ತಿಳಿದು, ಫೋಟೊಗಳನ್ನು ಎದುರಿಗಿಟ್ಟುಕೊಂಡು ಮತ್ತೆ ಬಿಚ್ಚಬೇಕು. ಓಡುತ್ತ ಓಡುತ್ತ ತಾನೇ ಸರಿಹೋಗುತ್ತದೆ ಎಂದು ಬಿಟ್ಟರೆ ಹಲ್ಲು ಸವೆಯುತ್ತದೆ.

ಎಂಥ ದಾರ ಸುತ್ತಬೇಕು?

ಸಾಧಾರಣ ನೈಲಾನ್ ಒಂಟಿ ಎಳೆಯ ದಾರ. ಈಗ ಜನಪ್ರಿಯವಾಗಿರುವ ಹೆಣೆದ ದಾರ ತೆಳ್ಳಗಿದ್ದು ಹೆಚ್ಚು ಬಲವುಳ್ಳದ್ದು ನಿಜ, ಆದರೆ ಹಳೆಯ ರೀಲಿನ ರೋಲರಿನ ಮೇಲೆ ಅದು ಗೀರು ಕೊರೆಯಬಲ್ಲದು, ಸ್ಪೂಲಿನ ಹಿಂದಿನ ಸಂದಿಗೂ ನುಸುಳುತ್ತದೆ. ಸ್ಪೂಲಿನ ಅಂಚಿಗೆ 2ರಿಂದ 3 ಮಿಲಿಮೀಟರ್ ಉಳಿಯುವಷ್ಟು ಸುತ್ತಿ. ಕಡಿಮೆಯಾದರೆ ಎಸೆತ ದೂರ ಹೋಗದು, ಹೆಚ್ಚಾದರೆ ಸುರುಳಿಗಳು ಒಟ್ಟಿಗೇ ಕಳಚಿ ಗಂಟಾಗುತ್ತವೆ. ಎಸೆದ ಬಳಿಕ ಬೇಲನ್ನು ಕೈಯಿಂದಲೇ ಮುಚ್ಚುವ ಅಭ್ಯಾಸವಿದ್ದರೆ ದಾರದ ಮುರಿಯೂ ಕಡಿಮೆಯಾಗುತ್ತದೆ, ಆ ಅಪರೂಪದ ಸ್ಪ್ರಿಂಗಿನ ಆಯುಸ್ಸೂ ಹೆಚ್ಚುತ್ತದೆ.

ಸಿದ್ಧವಾದ ರೀಲನ್ನು ಎಲ್ಲಿ ಪರೀಕ್ಷಿಸಬಹುದು? ಅನುಮತಿ ಬೇಕೇ?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಎಂಬ ಶಾಂತಿಸಾಗರ, ಹರಿಹರದ ತುಂಗಭದ್ರೆ, ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಇವು ನಮ್ಮ ಸುತ್ತಿನ ದೊಡ್ಡ ನೀರುಗಳು. ಕೆರೆ ಮತ್ತು ಜಲಾಶಯಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಗುತ್ತಿಗೆ, ಪರವಾನಗಿಗಳ ಮೂಲಕ ಸಹಕಾರ ಸಂಘಗಳಿಗೆ ಮತ್ತು ಗುತ್ತಿಗೆದಾರರಿಗೆ ಕೊಟ್ಟಿರುತ್ತದೆ. ಮರಿ ಬಿಟ್ಟು ಸಾಕಿದವರ ಜೀವನ ಅದರ ಮೇಲೆ ನಿಂತಿರುವುದರಿಂದ, ಹವ್ಯಾಸಕ್ಕೆಂದು ಹೋಗುವವರು ಮೊದಲು ಅವರನ್ನು ಕೇಳಲೇಬೇಕು. ಅಣೆಕಟ್ಟೆಯ ಕಟ್ಟಡ ಮತ್ತು ತೂಬಿನ ಬಳಿ ಗಾಳ ಹಾಕಬಾರದು.

ಮೊದಲ ದಿನ ಕೊಕ್ಕೆಯಿಲ್ಲದೆ ಬರಿಯ ಸೀಸದ ತೂಕ ಕಟ್ಟಿ ಎಸೆದು ನೋಡಿ. ದಾರ ಸ್ಪೂಲಿನ ಮುಂಭಾಗದಲ್ಲೋ ಹಿಂಭಾಗದಲ್ಲೋ ಗುಡ್ಡೆಯಾಗುತ್ತಿದ್ದರೆ, ಸ್ಪೂಲಿನ ಅಡಿಯ ಉಂಗುರಗಳನ್ನು ಹೆಚ್ಚು ಕಡಿಮೆ ಮಾಡಿ ಸರಿಪಡಿಸಿಕೊಳ್ಳಬಹುದು.

ಬಳಸಿದ ಮೇಲೆ ಹೇಗೆ ಇಡಬೇಕು?

ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ, ನೆರಳಿನಲ್ಲಿ ಆರಲು ಬಿಡಿ. ನಲ್ಲಿಯ ಕೆಳಗೆ ಜೋರಾಗಿ ನೀರು ಬಿಟ್ಟರೆ ಧೂಳು ಒಳಕ್ಕೇ ಹೋಗುತ್ತದೆ. ಡ್ರ್ಯಾಗಿನ ಗುಂಡಿಯನ್ನು ಪೂರ್ತಿ ಸಡಿಲಿಸಿ, ಬೇಲನ್ನು ಮುಚ್ಚಿದ ಸ್ಥಿತಿಯಲ್ಲಿಟ್ಟು, ಹತ್ತಿಬಟ್ಟೆಯ ಚೀಲದಲ್ಲಿ ಹಾಕಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟು ಹೋಗಬಾರದು. ರೋಲರಿಗೂ ಬೇಲಿನ ಕೀಲಿಗೂ ಆಗಾಗ ಒಂದೊಂದು ಹನಿ ಎಣ್ಣೆ ಬೇಕು. ಒಳಗಿನ ಗ್ರೀಸನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮುಚ್ಚಳ ತೆಗೆದು ನೋಡಿದರೆ ಸಾಕು. ಗ್ರೀಸು ತನ್ನ ಬಣ್ಣದಲ್ಲೇ ಇದ್ದರೆ ಮುಟ್ಟದೆ ಮುಚ್ಚಿಬಿಡಿ; ಕಪ್ಪಾಗಿ ಅದರಲ್ಲಿ ಹಿತ್ತಾಳೆಯ ಹೊಳೆಯುವ ಕಣಗಳು ಕಂಡರೆ, ಗೇರು ಎಲ್ಲಿ ಉಜ್ಜುತ್ತಿದೆ ಎಂದು ಹುಡುಕಬೇಕು.